ಗೀರು ಗಾಜಿನದೋ, ಲೇಪನದ್ದೋ?

ವಾಚಿನ ಗ್ಲಾಸಿನ ಮೇಲೆ ಗೀರು ಕಂಡರೆ ನಮ್ಮಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಟೂತ್‌ಪೇಸ್ಟಿಗೆ. ಊರಲ್ಲಿ ಅಪ್ಪನೋ ಮಾವನೋ ಹಾಗೆ ಉಜ್ಜಿ ಗ್ಲಾಸನ್ನು ಫಳಫಳ ಮಾಡಿದ್ದನ್ನು ನೋಡಿಯೇ ಬೆಳೆದಿರುತ್ತೇವೆ. ಅವರು ಉಜ್ಜಿದ್ದು ಎಚ್‌ಎಂಟಿ ವಾಚನ್ನು. ಅದರ ಗ್ಲಾಸು ಗಾಜೇ ಅಲ್ಲ, ಅಕ್ರಿಲಿಕ್ ಎಂಬ ಪ್ಲಾಸ್ಟಿಕ್. ಅದೇ ಪೇಸ್ಟನ್ನು ಇವತ್ತಿನ ಸಫೈರ್ ಗ್ಲಾಸಿನ ವಾಚಿಗೆ ಉಜ್ಜಿದರೆ ಗೀರು ಇದ್ದ ಹಾಗೇ ಇರುತ್ತದೆ, ಗ್ಲಾಸಿನ ಮೇಲೆ ಹೊಳಪು ತಡೆಯಲೆಂದು ಹಾಕಿದ ಲೇಪನ ಇದ್ದರೆ ಅದು ಕೆಡುತ್ತದೆ. ಆದ್ದರಿಂದ ಉಜ್ಜುವುದಕ್ಕೆ ಮುಂಚೆ ನೋಡಬೇಕಾದ್ದು ಇಷ್ಟು: ಗ್ಲಾಸು ಯಾವ ಬಗೆಯದು, ಗೀರು ಬಿದ್ದಿರುವುದು ಗ್ಲಾಸಿಗೋ ಅದರ ಮೇಲಿನ ಲೇಪನಕ್ಕೋ, ಅಥವಾ ನಮಗೆ ಕಾಣುತ್ತಿರುವುದು ಗೀರೇ ಅಲ್ಲದೆ ಎಲ್ಲೋ ತಾಗಿ ಅಂಟಿಕೊಂಡ ಲೋಹದ ಗುರುತೋ.

ದೋಹಾದ ಪಶ್ಚಿಮಕ್ಕೆ, ಅಲ್ ರಯ್ಯಾನ್ ಪುರಸಭೆಗೆ ಸೇರಿದ ಮುಐದರ್‌ನಲ್ಲಿ ಇರುವ ನಮಗೆ ಈ ಪ್ರಶ್ನೆ ಊರಿಗಿಂತ ಬೇಗ ಎದುರಾಗುತ್ತದೆ. ಬೇಸಿಗೆಯಲ್ಲಿ ವಾಯವ್ಯದಿಂದ ಶಮಾಲ್ ಗಾಳಿ ಎದ್ದಿತೆಂದರೆ ಕಿಟಕಿಯ ಸಂದಿಯಿಂದಲೂ ಧೂಳು ಒಳಗೆ ಬರುತ್ತದೆ. ಕಾರಿನ ಮೇಲೆ ಕೂರುವ ಹಾಗೆಯೇ ಕೈಯಲ್ಲಿರುವ ವಾಚಿನ ಮೇಲೂ ಅದು ಕೂರುತ್ತದೆ. ಆ ಧೂಳಿನಲ್ಲಿ ಮೆತ್ತಗಿನ ಸುಣ್ಣಕಲ್ಲಿನ ಪುಡಿಯೂ ಇದೆ, ಗಟ್ಟಿಯಾದ ಬೆಣಚುಕಲ್ಲಿನ ಕಣವೂ ಇದೆ. ಗೀರು ಹಾಕುವುದು ಈ ಎರಡನೆಯದು. ಸೈಟಿನಲ್ಲಿ ಕೆಲಸ ಮಾಡುವವರಿಗೆ ಇದರ ಜೊತೆಗೆ ಕಾಂಕ್ರೀಟು, ಗ್ರೈಂಡರಿನ ಕಿಡಿ. ಮನೆಯಲ್ಲಿ ಇರುವವರಿಗೆ ಅಡುಗೆಮನೆಯ ಗ್ರಾನೈಟ್ ಕಟ್ಟೆ, ಅಲ್ಯೂಮಿನಿಯಂ ಬಾಗಿಲು.

ಗ್ಲಾಸು ಯಾವುದೆಂದು ತಿಳಿಯುವುದು

ಯಾವುದು ಯಾವುದನ್ನು ಗೀರುತ್ತದೆ ಎಂಬುದನ್ನು ಅಳೆಯಲು ಜರ್ಮನಿಯ ಖನಿಜ ವಿಜ್ಞಾನಿ ಫ್ರೆಡ್ರಿಕ್ ಮೋಸ್ 1812ರಲ್ಲಿ ಕೊಟ್ಟ 1ರಿಂದ 10ರ ಪಟ್ಟಿ ಇಂದಿಗೂ ಸಾಕು. ವಜ್ರ 10, ಸಫೈರ್ 9, ಬೆಣಚುಕಲ್ಲು 7. ಮಿನರಲ್ ಗ್ಲಾಸು ಎಂದು ಕರೆಯುವ ಮಾಮೂಲಿ ಗಾಜು ಐದೂವರೆ, ಆರರ ಆಸುಪಾಸು. ಅಕ್ರಿಲಿಕ್ ಸುಮಾರು 3. ಮರಳಿನ ಕಣ 7ರಲ್ಲಿ ಇರುವುದರಿಂದ ಅದು ಮಿನರಲ್ ಗ್ಲಾಸನ್ನೂ ಅಕ್ರಿಲಿಕ್ಕನ್ನೂ ಗೀರುತ್ತದೆ, ಸಫೈರನ್ನು ಗೀರಲಾರದು. ವಾಚಿನ ಗ್ಲಾಸಿನ ವಿಚಾರದಲ್ಲಿ ಮುಂದೆ ಹೇಳುವುದೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ನಿಮ್ಮ ವಾಚಿನದು ಯಾವುದೆಂದು ತಿಳಿಯಲು ಮೊದಲು ಹಿಂಬದಿಯ ಮುಚ್ಚಳ ನೋಡಿ. ಸಫೈರ್ ಇದ್ದರೆ ಸಾಮಾನ್ಯವಾಗಿ ಕಂಪನಿಯವರು ಹೆಮ್ಮೆಯಿಂದ ಅಲ್ಲಿ ಕೆತ್ತಿಸಿರುತ್ತಾರೆ. ಏನೂ ಬರೆದಿಲ್ಲದಿದ್ದರೆ ಉಗುರಿನಿಂದ ಮೆಲ್ಲಗೆ ಬಡಿದು ನೋಡಿ. ಅಕ್ರಿಲಿಕ್ ಮಂದ ಸದ್ದು ಕೊಡುತ್ತದೆ, ಮುಟ್ಟಿದರೆ ಬೆಚ್ಚಗೆನಿಸುತ್ತದೆ, ಅಂಚಿನಲ್ಲಿ ಉಬ್ಬಿಕೊಂಡಿರುತ್ತದೆ. ಮಿನರಲ್ ಮತ್ತು ಸಫೈರ್ ನಡುವೆ ವ್ಯತ್ಯಾಸ ಹೇಳುವುದು ಸ್ವಲ್ಪ ಕಷ್ಟ. ಸಫೈರ್ ಶಾಖವನ್ನು ಗಾಜಿಗಿಂತ ಹತ್ತಾರು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಆದ್ದರಿಂದ ಕೆನ್ನೆಗೆ ಇಟ್ಟರೆ ತಣ್ಣಗೆ ತಾಗುತ್ತದೆ, ಬಾಯಿಂದ ಹಬೆ ಊದಿದರೆ ಮಿನರಲ್‌ಗಿಂತ ಬೇಗ ಆರುತ್ತದೆ. ಎರಡು ವಾಚುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಊದಿ ನೋಡಿದರೆ ಗೊತ್ತಾಗುತ್ತದೆ. ನೀರಿನ ಹನಿ ಗುಂಡಗೆ ನಿಂತರೆ ಸಫೈರ್, ಹರಡಿದರೆ ಮಿನರಲ್ ಎಂದು ಹೇಳುವವರಿದ್ದಾರೆ. ಗ್ಲಾಸಿಗೆ ಲೇಪನ ಇದ್ದರೆ ಅಥವಾ ಬೆರಳಿನ ಜಿಡ್ಡು ಇದ್ದರೆ ಆ ಪರೀಕ್ಷೆ ಸುಳ್ಳು ಹೇಳುತ್ತದೆ, ನಂಬಬೇಡಿ.

ನಮ್ಮವರ ಕೈಯಲ್ಲಿ ಸಾಮಾನ್ಯವಾಗಿ ಕಾಣುವ ವಾಚುಗಳ ಲೆಕ್ಕ ಹೀಗಿದೆ. ಎಚ್‌ಎಂಟಿ ಜನತಾ, ಪೈಲಟ್‌ನಂಥ ಕೀ ಕೊಡುವ ವಾಚುಗಳು, ಹಳೆಯ ವೆಸ್ಟ್ ಎಂಡ್ ವಾಚುಗಳು ಅಕ್ರಿಲಿಕ್ಕಿನವು. ಕ್ಯಾಸಿಯೊದ ಎಫ್-91ಡಬ್ಲ್ಯು, ಅಂದರೆ ಆ ತೆಳ್ಳಗಿನ ಕಪ್ಪು ಡಿಜಿಟಲ್ ವಾಚು ಕೂಡ ಪ್ಲಾಸ್ಟಿಕ್ ಮುಖದ್ದೇ. ಸೀಕೊ 5ರಲ್ಲಿ ಹೆಚ್ಚಿನವು ಹಾರ್ಡ್‌ಲೆಕ್ಸ್. ಅದು ಸೀಕೊ ಕಂಪನಿ ತನ್ನ ಗಟ್ಟಿಗೊಳಿಸಿದ ಮಿನರಲ್ ಗ್ಲಾಸಿಗೆ ಇಟ್ಟ ಹೆಸರು. ಟೈಟನ್‌ನಲ್ಲಿ ಬಹುಪಾಲು ಮಿನರಲ್, ಎಡ್ಜ್‌ನಂಥ ಮೇಲ್ದರ್ಜೆಯವು ಸಫೈರ್. ಸ್ವಿಸ್ ವಾಚುಗಳಲ್ಲಿ ಈಗ ಬಹುತೇಕ ಎಲ್ಲವೂ ಸಫೈರ್. ಇನ್ನು ಅಗ್ಗದ ವಾಚುಗಳ ಜಾಹೀರಾತಿನಲ್ಲಿ ‘ಸಫೈರ್ ಕೋಟೆಡ್’ ಎಂದಿದ್ದರೆ ಅದು ಸಫೈರ್ ಗ್ಲಾಸು ಅಲ್ಲ. ಕೆಳಗಿರುವುದು ಮಿನರಲ್ ಗ್ಲಾಸೇ, ಮೇಲೊಂದು ತೆಳು ಪದರ ಅಷ್ಟೇ. ಕೊಳ್ಳುವಾಗ ಆ ಒಂದು ಪದದ ಮೇಲೆ ಕಣ್ಣಿರಲಿ.

ಅಪ್ಪನ ಎಚ್‌ಎಂಟಿ ಮನೆಯಲ್ಲೇ ಸರಿಹೋಗುತ್ತದೆ

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚ್ ತಯಾರಿಕೆ ಆರಂಭಿಸಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ಸರ್ಕಾರ ವಾಚ್ ವಿಭಾಗವನ್ನು ಮುಚ್ಚಲು ನಿರ್ಧರಿಸಿತು. ನಿವೃತ್ತಿಗೋ ಮದುವೆಗೋ ಬಂದ ಆ ವಾಚನ್ನು ಅಪ್ಪನಿಂದ ಪಡೆದು ಇಲ್ಲಿಗೆ ತಂದವರು ಬಹಳ ಮಂದಿ. ಅದರ ಗ್ಲಾಸು ಮಸುಕಾಗಿದೆಯೆಂದು ಪೆಟ್ಟಿಗೆಯಲ್ಲಿ ಇಟ್ಟುಬಿಡಬೇಡಿ. ವಾಚಿನ ಗ್ಲಾಸುಗಳಲ್ಲಿ ಮನೆಯಲ್ಲೇ ಪೂರ್ತಿ ಸರಿಮಾಡಲು ಆಗುವುದು ಇದೊಂದೇ.

ಮೊದಲು ಬೆಳಕಿಗೆ ಹಿಡಿದು ಬಿರುಕು ಇದೆಯೇ ನೋಡಿ. ಗೀರು ಮೇಲ್ಮೈಯಲ್ಲಿ ಮಾತ್ರ ಇರುತ್ತದೆ, ಬಿರುಕು ಗ್ಲಾಸಿನ ದಪ್ಪದೊಳಗೆ ಇಳಿದಿರುತ್ತದೆ ಮತ್ತು ಓರೆ ಬೆಳಕಿಗೆ ಮಿನುಗುತ್ತದೆ. ಅಂಚಿನಿಂದ ಹೊರಟ ಕೂದಲೆಳೆಯಂಥ ಗೆರೆ ಇದ್ದರೆ ಅದು ಬಿರುಕೇ. ಉಜ್ಜಿದರೆ ಹೋಗುವುದಿಲ್ಲ, ಗ್ಲಾಸು ಬದಲಿಸಬೇಕು. ಬಿರುಕು ಇಲ್ಲವೆಂದಾದರೆ ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಧೂಳು ಒರೆಸಿ. ನಲ್ಲಿಯ ಕೆಳಗೆ ಹಿಡಿಯಬೇಡಿ, ಈ ಹಳೆಯ ವಾಚುಗಳು ನೀರು ತಡೆಯುವುದಿಲ್ಲ. ಆಮೇಲೆ ಗ್ಲಾಸಿನ ಸುತ್ತಲಿನ ಲೋಹದ ಅಂಚಿಗೆ ಪೇಂಟರುಗಳು ಬಳಸುವ ಕಾಗದದ ಟೇಪು ಸುತ್ತಿ. ಕ್ರೌನ್, ಅಂದರೆ ಕೀ ಕೊಡುವ ತಿರುಗಣೆ, ಪೂರ್ತಿ ಒಳಗೆ ಒತ್ತಿರಲಿ.

ಉಗುರು ಓಡಿಸಿದಾಗ ತಡೆಯದ ತೆಳು ಗೀರುಗಳಿಗೆ ಪಾಲಿವಾಚ್ ಎಂಬ ಜರ್ಮನಿಯ ಪೇಸ್ಟು ಹೇಳಿ ಮಾಡಿಸಿದ್ದು, ಸಣ್ಣ ಟ್ಯೂಬಿನಲ್ಲಿ ಬರುತ್ತದೆ. ಅದಿಲ್ಲದಿದ್ದರೆ ಹಿತ್ತಾಳೆ ಬೆಳಗುವ ಬ್ರಾಸೊ ನಡೆಯುತ್ತದೆ. ಟೂತ್‌ಪೇಸ್ಟೇ ಬೇಕೆಂದರೆ ಜೆಲ್ ಅಲ್ಲದ ಬಿಳಿ ಪೇಸ್ಟು ಆರಿಸಿ. ತೀರಾ ಸಣ್ಣ ಗೀರುಗಳಿಗೆ ಮಾತ್ರ ಅದರಲ್ಲಿ ಬಲವಿದೆ. ಹತ್ತಿಯ ಬಟ್ಟೆಗೆ ಕಡಲೆಕಾಳಿನಷ್ಟು ಹಚ್ಚಿ, ಸಣ್ಣ ಸಣ್ಣ ಸುತ್ತಾಗಿ ಒತ್ತಿ ಉಜ್ಜಿ. ಎರಡು ಮೂರು ನಿಮಿಷಕ್ಕೊಮ್ಮೆ ಒರೆಸಿ ನೋಡಿ, ಬೇಕಿದ್ದರೆ ಮತ್ತೆ ಹಚ್ಚಿ. ಒಂದೇ ಜಾಗವನ್ನು ಬಿರುಸಾಗಿ ಉಜ್ಜಬೇಡಿ. ಶಾಖ ಹುಟ್ಟಿ ಅಕ್ರಿಲಿಕ್ ಅಲೆಯಲೆಯಾಗಿ ಕೆಡುತ್ತದೆ. ಡ್ರಿಲ್ ಯಂತ್ರಕ್ಕೆ ಬಟ್ಟೆಯ ಚಕ್ರ ಹಾಕಿ ಉಜ್ಜಬೇಡಿ ಎಂದು ಹೇಳುವುದೂ ಇದಕ್ಕೇ.

ಉಗುರಿಗೆ ತಡೆಯುವಷ್ಟು ಆಳದ ಗೀರಿಗೆ ಪೇಸ್ಟು ಸಾಲದು. ಅದಕ್ಕೆ ನೀರಿನ ಉಪ್ಪುಕಾಗದ ಬೇಕು. 1000 ನಂಬರಿನಿಂದ ಶುರುಮಾಡಿ, ಕಾಗದವನ್ನು ಒದ್ದೆ ಮಾಡಿಕೊಂಡು, ಒಂದೇ ದಿಕ್ಕಿನಲ್ಲಿ ಆ ಗೀರು ಮಾಯವಾಗುವವರೆಗೆ ಉಜ್ಜಿ. ಗ್ಲಾಸು ಪೂರ್ತಿ ಮಂಜಾಗುತ್ತದೆ. ಗಾಬರಿ ಬೇಡ, ಅದು ಹಾಗೇ ಆಗಬೇಕು. ನಂತರ 1500ರಲ್ಲಿ ಅಡ್ಡ ದಿಕ್ಕಿಗೆ, 2000ದಲ್ಲಿ ಮತ್ತೆ ಮೊದಲಿನ ದಿಕ್ಕಿಗೆ. ಹಿಂದಿನ ಕಾಗದದ ಗೆರೆಗಳು ಒಂದೂ ಉಳಿಯದಂತೆ ನೋಡಿಕೊಂಡು ಮುಂದಕ್ಕೆ ಹೋದರೆ ಕೊನೆಯಲ್ಲಿ ಪಾಲಿವಾಚ್ ತನ್ನ ಕೆಲಸ ಸಲೀಸಾಗಿ ಮಾಡುತ್ತದೆ. ಆತುರಪಟ್ಟು 1500 ಬಿಟ್ಟು ಹಾರಿದವರಿಗೆ ಬಿಸಿಲಿನಲ್ಲಿ ಆ ಗೆರೆಗಳು ಕಂಡೇ ಕಾಣುತ್ತವೆ. ಪ್ರತಿ ಸಲ ಉಜ್ಜಿದಾಗಲೂ ಗ್ಲಾಸು ಒಂದಿಷ್ಟು ತೆಳ್ಳಗಾಗುತ್ತದೆ ಎಂಬುದು ನೆನಪಿರಲಿ. ಮೂರು ನಾಲ್ಕು ಸಲ ಆಳವಾಗಿ ಉಜ್ಜಿದ ಮೇಲೆ ಹೊಸದನ್ನು ಹಾಕಿಸುವುದೇ ಸರಿ.

ಅಕ್ರಿಲಿಕ್ಕಿಗೆ ಇಲ್ಲಿ ಇನ್ನೊಂದು ಶತ್ರುವಿದೆ. ಆಲ್ಕೋಹಾಲು, ಅಸಿಟೋನು ತಾಗಿದರೆ ಅದರೊಳಗೆ ಜೇಡರ ಬಲೆಯಂತೆ ಸಣ್ಣ ಬಿರುಕುಗಳು ಏಳಬಹುದು. ಹ್ಯಾಂಡ್ ಸ್ಯಾನಿಟೈಸರು, ಸ್ಪ್ರೇ ಮಾಡುವ ಅತ್ತರು, ಉಗುರುಬಣ್ಣ ತೆಗೆಯುವ ದ್ರವ ಎಲ್ಲವೂ ಈ ಪಟ್ಟಿಗೆ ಸೇರುತ್ತವೆ. ಶುಕ್ರವಾರ ಅತ್ತರು ಹಾಕಿಕೊಳ್ಳುವವರು ಅದು ಆರಿದ ಮೇಲೆ ವಾಚು ಕಟ್ಟಿಕೊಳ್ಳಲಿ.

ಪ್ಲಾಸ್ಟಿಕ್ ಎಂದು ಈ ಗ್ಲಾಸನ್ನು ಕಡೆಗಣಿಸುವವರಿಗೆ ಒಂದು ಮಾತು ಹೇಳಬೇಕು. ನಾಸಾ 1965ರಲ್ಲಿ ಗಗನಯಾತ್ರಿಗಳಿಗೆಂದು ಒಪ್ಪಿದ ಒಮೆಗಾ ಸ್ಪೀಡ್‌ಮಾಸ್ಟರ್ ವಾಚಿನ ಗ್ಲಾಸೂ ಅಕ್ರಿಲಿಕ್ಕೇ. ಪೆಟ್ಟು ಬಿದ್ದರೆ ಅದು ಸೀಳುತ್ತದೆ, ಚೂರುಚೂರಾಗಿ ಸಿಡಿಯುವುದಿಲ್ಲ. ತೂಕವಿಲ್ಲದ ಕೋಣೆಯಲ್ಲಿ ಗಾಜಿನ ಚೂರು ತೇಲಾಡಿದರೆ ಏನಾಗುತ್ತದೆಂದು ಯೋಚಿಸಿ.

ಮಿನರಲ್ ಗ್ಲಾಸು: ಉಜ್ಜುವುದಕ್ಕಿಂತ ಬದಲಿಸಿ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಿನರಲ್ ಗ್ಲಾಸಿಗೆ ಟೂತ್‌ಪೇಸ್ಟು, ಬ್ರಾಸೊ, ಪಾಲಿವಾಚ್‌ನ ಅಕ್ರಿಲಿಕ್ ಪೇಸ್ಟು ಯಾವುದೂ ನಾಟುವುದಿಲ್ಲ. ಗಾಜನ್ನು ನಿಜವಾಗಿ ಹೊಳಪು ಮಾಡುವುದು ಸೀರಿಯಂ ಆಕ್ಸೈಡ್ ಪುಡಿ. ಅದನ್ನು ನೀರಿನಲ್ಲಿ ಕಲಸಿ ಫೆಲ್ಟ್ ಚಕ್ರದಿಂದ ಬಹಳ ಹೊತ್ತು ಉಜ್ಜಬೇಕು. ಸಣ್ಣ ಗೀರು ಹೋಗುತ್ತದೆ, ಆಳದ್ದು ಹೋಗುವಷ್ಟರಲ್ಲಿ ಗ್ಲಾಸಿನಲ್ಲಿ ಹಳ್ಳ ಬಿದ್ದು ಮುಳ್ಳುಗಳು ಅಂಕುಡೊಂಕಾಗಿ ಕಾಣುತ್ತವೆ. ಹೊಸ ಮಿನರಲ್ ಗ್ಲಾಸು ದುಬಾರಿಯಲ್ಲ, ಸಾದಾ ಚಪ್ಪಟೆ ದುಂಡು ಗ್ಲಾಸು ಯಾವ ವಾಚ್ ರಿಪೇರಿಯವರ ಬಳಿಯೂ ಸಿಗುತ್ತದೆ. ಸಮಯ ಓದಲು ಅಡ್ಡಿಯಾಗದ ಒಂದೆರಡು ಗೀರಿದ್ದರೆ ಹಾಗೇ ಬಿಟ್ಟುಬಿಡಿ ಎಂದು ನಾನು ಹೇಳುತ್ತೇನೆ. ಅಡ್ಡಿಯಾಗುತ್ತಿದ್ದರೆ ಬದಲಿಸಿ.

ಸೈಟಿನಲ್ಲಿ, ವರ್ಕ್‌ಶಾಪಿನಲ್ಲಿ ಇರುವವರಿಗೆ ಒಂದು ಸೂಚನೆ. ಗ್ರೈಂಡರಿನಿಂದ ಹಾರುವ ಕಿಡಿ ಬರೀ ಬೆಂಕಿಯಲ್ಲ, ಕಾದ ಕಬ್ಬಿಣದ ಚೂರು. ಅದು ಗಾಜಿಗೆ ತಾಗಿದ ಕಡೆ ಕರಗಿ ಒಳಗೆ ಕೂರುತ್ತದೆ. ಸಣ್ಣ ಕಂದು ಚುಕ್ಕೆಗಳಂತೆ ಕಾಣುವ ಅವು ಒರೆಸಿದರೂ ಉಜ್ಜಿದರೂ ಹೋಗುವುದಿಲ್ಲ. ಆ ಕೆಲಸದ ಹೊತ್ತಿನಲ್ಲಿ ವಾಚನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಳ್ಳುವುದು ವಾಚಿಗೂ ಒಳ್ಳೆಯದು, ಕೈಗೂ ಒಳ್ಳೆಯದು.

ಸಫೈರ್, ಅದರ ಮೇಲಿನ ಲೇಪನ

ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ‘ಸಫೈರ್‌ಗೆ ಗೀರು ಬೀಳುವುದಿಲ್ಲ ಅಂದಿದ್ದರು, ನೋಡಿ ಬಿದ್ದಿದೆ’ ಎಂದು ದುಃಖಪಡುವವರಲ್ಲಿ ಹಲವರ ವಾಚಿನ ಸಫೈರ್‌ಗೆ ನಿಜಕ್ಕೂ ಏನೂ ಆಗಿರುವುದಿಲ್ಲ.

ವಾಚಿನ ಸಫೈರ್ ಗಣಿಯಿಂದ ಬಂದ ನೀಲಮಣಿಯಲ್ಲ. ರಾಸಾಯನಿಕವಾಗಿ ನೀಲಮಣಿಯೂ ಮಾಣಿಕ್ಯವೂ ಯಾವುದೋ ಅದೇ ಅಲ್ಯೂಮಿನಿಯಂ ಆಕ್ಸೈಡು. ಫ್ರಾನ್ಸಿನ ಒಗಸ್ಟ್ ವರ್ನೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಅದರ ಪುಡಿಯನ್ನು 2000 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವಾಲೆಯ ಮೂಲಕ ಉದುರಿಸಿ, ಕರಗಿದ ಹನಿಗಳಿಂದ ಒಂದು ಗಟ್ಟಿ ಹರಳನ್ನು ಬೆಳೆಸುತ್ತಾರೆ. ಅದನ್ನು ವಜ್ರದ ಗರಗಸದಿಂದ ಬಿಲ್ಲೆಗಳಾಗಿ ಕೊಯ್ದು ಹೊಳಪು ಕೊಡುತ್ತಾರೆ. ವಜ್ರವೇ ಬೇಕಾಗುವ ಆ ಗಡಸುತನದಿಂದಲೇ ಮನೆಯಲ್ಲಿ ಅದನ್ನು ಉಜ್ಜಿ ಸರಿಮಾಡಲು ಆಗುವುದಿಲ್ಲ. ಅದಕ್ಕೆ ಗೀರು ಹಾಕುವ ವಸ್ತುಗಳು ಕಡಿಮೆ: ವಜ್ರದ ಉಂಗುರ, ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸಿಲಿಕಾನ್ ಕಾರ್ಬೈಡ್ ಇರುವ ಉಪ್ಪುಕಾಗದ, ಗ್ರೈಂಡರಿನ ಕಲ್ಲು. ಮರಳು, ಕಾಂಕ್ರೀಟು, ಗ್ರಾನೈಟು, ಕೀಗೊಂಚಲು ಯಾವುದೂ ಆ ಪಟ್ಟಿಯಲ್ಲಿ ಇಲ್ಲ.

ಹಾಗಾದರೆ ಕಾಣುವ ಗೆರೆ ಏನು? ಮೊದಲ ಸಾಧ್ಯತೆ, ಅದು ಲೋಹದ ಗುರುತು. ಬಾಗಿಲಿನ ಅಲ್ಯೂಮಿನಿಯಂ ಚೌಕಟ್ಟಿಗೋ ಸೀಟ್‌ಬೆಲ್ಟಿನ ಬಕಲ್‌ಗೋ ಗ್ಲಾಸು ಉಜ್ಜಿದಾಗ ಸವೆಯುವುದು ಮೆತ್ತಗಿರುವ ಲೋಹ. ಅದರ ಬೂದುಗೆರೆ ಗ್ಲಾಸಿನ ಮೇಲೆ ಕೂರುತ್ತದೆ, ಸ್ಲೇಟಿನ ಮೇಲೆ ಬಳಪ ಎಳೆದ ಹಾಗೆ. ಪೆನ್ಸಿಲ್ ಅಳಿಸುವ ಮೆತ್ತನೆ ಬಿಳಿ ರಬ್ಬರಿನಿಂದ ಹಗುರಾಗಿ ಉಜ್ಜಿ ನೋಡಿ. ಹೋಯಿತೆಂದರೆ ಚಿಂತೆ ಅಲ್ಲಿಗೆ ಮುಗಿಯಿತು. ಇಂಕು ಅಳಿಸುವ ಗರುಗರು ರಬ್ಬರನ್ನು ಮಾತ್ರ ಮುಟ್ಟಬೇಡಿ, ಅದರಲ್ಲಿ ಕಲ್ಲಿನ ಪುಡಿ ಬೆರೆತಿರುತ್ತದೆ.

ಎರಡನೆಯ ಸಾಧ್ಯತೆ, ಗೀರು ಬಿದ್ದಿರುವುದು ಲೇಪನಕ್ಕೆ. ಲೇಪನ ಯಾಕೆ ಬೇಕೆಂದರೆ, ಸಫೈರ್ ಗಟ್ಟಿಯಾದರೂ ಬೆಳಕನ್ನು ಮಾಮೂಲಿ ಗಾಜಿಗಿಂತ ಹೆಚ್ಚು ಹಿಂದಕ್ಕೆ ಎಸೆಯುತ್ತದೆ. ಗಾಜಿನ ಒಂದೊಂದು ಮೇಲ್ಮೈ ಬೆಳಕಿನ ಶೇಕಡಾ 4ರಷ್ಟನ್ನು ಪ್ರತಿಫಲಿಸಿದರೆ ಸಫೈರಿನದು ಶೇಕಡಾ 7.7ರಷ್ಟು. ಮೇಲೂ ಕೆಳಗೂ ಸೇರಿ ಹೆಚ್ಚುಕಡಿಮೆ ಶೇಕಡಾ 15. ಕತಾರಿನ ಮಧ್ಯಾಹ್ನದ ಬಿಸಿಲಿನಲ್ಲಿ ಲೇಪನವಿಲ್ಲದ ಸಫೈರ್ ವಾಚು ನೋಡಿದರೆ ಮುಳ್ಳಿನ ಬದಲು ಆಕಾಶ ಕಾಣುತ್ತದೆ. ಇದನ್ನು ತಡೆಯಲು ಗಾಳಿ ತೆಗೆದ ಪಾತ್ರೆಯಲ್ಲಿ ಗ್ಲಾಸಿನ ಮೇಲೆ ಮೆಗ್ನೀಶಿಯಂ ಫ್ಲೋರೈಡ್ ಪದರ ಕೂರಿಸುತ್ತಾರೆ. ದಪ್ಪ ಸುಮಾರು 100 ನ್ಯಾನೊಮೀಟರ್, ಅಂದರೆ ಬೆಳಕಿನ ಅಲೆಯುದ್ದದ ಕಾಲುಭಾಗಕ್ಕೆ ಸರಿಹೊಂದುವಷ್ಟು. ಪದರದ ಮೇಲಿನಿಂದ ಮರಳುವ ಅಲೆ, ಕೆಳಗಿನಿಂದ ಮರಳುವ ಅಲೆ ಒಂದನ್ನೊಂದು ಅಳಿಸಿಹಾಕುತ್ತವೆ. ಈ ಪದಾರ್ಥ ಸಫೈರ್‌ಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ, ಸರಿಯಾದ ದಪ್ಪದಲ್ಲಿ ಕೂತರೆ ಹಸಿರು ಬೆಳಕಿನ ಪ್ರತಿಫಲನ ಶೇಕಡಾ 1ಕ್ಕಿಂತ ಬಹಳ ಕೆಳಗೆ ಇಳಿಯುತ್ತದೆ. ಎಲ್ಲ ಬಣ್ಣಗಳಿಗೂ ಒಂದೇ ಸಮ ಹೊಂದುವುದಿಲ್ಲವಾದ್ದರಿಂದ ಉಳಿದ ನೀಲಿ, ನೇರಳೆ ಛಾಯೆ ಓರೆಯಾಗಿ ನೋಡಿದಾಗ ಕಾಣುತ್ತದೆ. ಹಲವು ಕಂಪನಿಗಳು ಒಂದರ ಮೇಲೊಂದು ಹಲವು ಪದರ ಹಾಕುತ್ತವೆ.

ಆದರೆ ಆ ಲೇಪನ ಸಫೈರಿನಷ್ಟು ಗಟ್ಟಿಯಲ್ಲ. ಮರಳಿನ ಕಣ ಸಫೈರನ್ನು ಗೀರಲಾರದು, ಲೇಪನವನ್ನು ಗೀರುತ್ತದೆ. ಆದ್ದರಿಂದ ಲೇಪನ ಗ್ಲಾಸಿನ ಒಳಬದಿಗೆ ಮಾತ್ರ ಇದೆಯೋ ಎರಡೂ ಬದಿಗೆ ಇದೆಯೋ ಎಂಬುದು ನಮ್ಮಂಥ ಊರಿನಲ್ಲಿ ಇರುವವರಿಗೆ ದೊಡ್ಡ ಪ್ರಶ್ನೆ. ಒಳಬದಿಯ ಲೇಪನವನ್ನು ಯಾವ ಧೂಳೂ ಮುಟ್ಟುವುದಿಲ್ಲ, ಅದು ವಾಚು ಇರುವವರೆಗೂ ಇರುತ್ತದೆ. ಬ್ರೈಟ್‌ಲಿಂಗ್ ವಾಚುಗಳು, ಒಮೆಗಾದ ಹಲವು ಸೀಮಾಸ್ಟರ್‌ಗಳು ಎರಡೂ ಬದಿ ಲೇಪನದವು. ಹೊಸದಾಗಿದ್ದಾಗ ಗ್ಲಾಸೇ ಇಲ್ಲವೇನೋ ಎನ್ನುವಷ್ಟು ಚೆಂದ ಕಾಣುತ್ತವೆ. ಕತಾರಿನಲ್ಲಿ ದಿನವೂ ಕಟ್ಟುವ ವಾಚಿಗೆ ಒಳಬದಿ ಲೇಪನ ಮಾತ್ರ ಇದ್ದರೆ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅರ್ಧದಷ್ಟು ಪ್ರತಿಫಲನ ಉಳಿಯುತ್ತದೆ, ಮನಶ್ಶಾಂತಿಯೂ ಉಳಿಯುತ್ತದೆ.

ನಿಮ್ಮ ವಾಚಿಗೆ ಹೊರಬದಿ ಲೇಪನ ಇದೆಯೇ ಎಂದು ನೋಡುವ ಸುಲಭ ಉಪಾಯವಿದೆ. ಗ್ಲಾಸನ್ನು ಒರೆಸಿ ಟ್ಯೂಬ್‌ಲೈಟಿನ ಪ್ರತಿಬಿಂಬ ಅದರಲ್ಲಿ ಬೀಳುವಂತೆ ಹಿಡಿಯಿರಿ. ಹೆಬ್ಬೆರಳಿನಿಂದ ಒಂದು ಕಡೆ ಒತ್ತಿ ತೆಗೆಯಿರಿ. ಒತ್ತಿದ ಜಾಗದಲ್ಲಿ ಪ್ರತಿಬಿಂಬದ ಬಣ್ಣ ಎದ್ದು ಕಾಣುವಂತೆ ಬದಲಾದರೆ ಲೇಪನ ಹೊರಗಿದೆ. ಹೊರಲೇಪನದ ಗ್ಲಾಸುಗಳು ಬೆರಳಚ್ಚನ್ನು ಅಷ್ಟು ಢಾಳಾಗಿ ತೋರಿಸುವುದಕ್ಕೂ ಇದೇ ಕಾರಣ. ಇನ್ನು ಗೀರು ಲೇಪನದ್ದೇ ಎಂದು ತಿಳಿಯಲು ಅದೇ ಪ್ರತಿಬಿಂಬವನ್ನು ಗೀರಿನ ಮೇಲೆ ತನ್ನಿ. ನೀಲಿ ಛಾಯೆ ಅಲ್ಲಿ ತುಂಡಾಗಿ ಬಿಳಿಗೆರೆ ಕಾಣುತ್ತದೆ, ಉಗುರು ಓಡಿಸಿದರೆ ಏನೂ ತಡೆಯುವುದಿಲ್ಲ. ಉಗುರು ತಡೆದರೆ ಮಾತ್ರ ಸಫೈರ್‌ಗೇ ಪೆಟ್ಟಾಗಿದೆ ಎಂದು ತಿಳಿಯಿರಿ.

ಲೇಪನದ ಗೀರನ್ನು ತುಂಬಲು ಬರುವುದಿಲ್ಲ. ಅದಕ್ಕೆ ಎರಡೇ ದಾರಿ. ಒಂದು, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹೊಸ ಗ್ಲಾಸು ಹಾಕಿಸುವುದು. ಇನ್ನೊಂದು, ಅನುಭವಸ್ಥ ವಾಚ್ ರಿಪೇರಿಯವರಿಂದ ಹೊರಗಿನ ಲೇಪನವನ್ನು ಪೂರ್ತಿ ತೆಗೆಸುವುದು. ಒಂದು ಮೈಕ್ರಾನಿನ ಅಥವಾ ಅದಕ್ಕೂ ನುಣುಪಾದ ವಜ್ರದ ಪೇಸ್ಟಿನಿಂದ ಫೆಲ್ಟ್ ಮೇಲೆ ಉಜ್ಜಿದರೆ ಲೇಪನ ಸವೆದುಹೋಗಿ ಕೆಳಗಿನ ಸಫೈರ್ ಶುದ್ಧವಾಗಿ ಉಳಿಯುತ್ತದೆ. ಇಲ್ಲಿ ಅರ್ಧ ಕೆಲಸ ಮಾಡುವ ಹಾಗಿಲ್ಲ. ಗೀರು ಇದ್ದ ಕಡೆ ಮಾತ್ರ ತೆಗೆದರೆ ಅಲ್ಲೊಂದು ತೇಪೆ ಕಾಣುತ್ತದೆ. ಲೇಪನ ಹೋದ ಮೇಲೆ ಹೊಳಪು ಸ್ವಲ್ಪ ಹೆಚ್ಚುತ್ತದೆ, ಒಳಬದಿಯದು ಉಳಿದಿರುವುದರಿಂದ ಪೂರ್ತಿ ಕನ್ನಡಿಯಾಗುವುದಿಲ್ಲ. ವಾರಂಟಿ ಇರುವ ವಾಚಿಗೆ ಇದನ್ನು ಮಾಡಿಸಬೇಡಿ.

ರಾಡೊ ವಾಚಿನ ಬಗ್ಗೆ ಬೇರೆಯಾಗಿ ಹೇಳಬೇಕು, ಏಕೆಂದರೆ ಕರಾವಳಿಯ ಎಷ್ಟೋ ಮನೆಗಳಲ್ಲಿ ಗಲ್ಫಿಗೆ ಹೋದವರು ತಂದ ಮೊದಲ ದೊಡ್ಡ ವಾಚು ಅದು. ಗೀರು ಬೀಳದ ವಾಚು ಎಂದೇ ರಾಡೊ 1962ರಲ್ಲಿ ಡಯಾಸ್ಟಾರನ್ನು ತಂದಿತು. ಗಟ್ಟಿಲೋಹದ ಹೊರಕವಚ, ಮೇಲೆ ಸಫೈರ್. ಈ ಬಗೆಯ ವಾಚುಗಳಲ್ಲಿ ಗ್ಲಾಸಿನ ಒಳಬದಿಯ ಅಂಚಿಗೆ ಚಿನ್ನದ ಅಥವಾ ಬೆಳ್ಳಿಯ ಬಣ್ಣದ ಲೋಹಪದರ ಕೊಟ್ಟಿರುತ್ತಾರೆ. ಅದು ಅಲಂಕಾರದಂತೆ ಕಂಡರೂ ಗ್ಲಾಸಿನದೇ ಭಾಗ. ಬೇರೆ ಕಡೆಯ ಸಾದಾ ಸಫೈರ್ ಹಾಕಿಸಿದರೆ ಆ ಅಂಚು ಇರುವುದಿಲ್ಲ, ಬಣ್ಣ ಬಳಿದ ನಕಲಿಯಾದರೆ ಸ್ವಲ್ಪ ಕಾಲಕ್ಕೆ ಕಿತ್ತು ಡಯಲ್ ಮೇಲೆ ಉದುರುತ್ತದೆ. ಅಪ್ಪನ ರಾಡೊದ ಗ್ಲಾಸು ಒಡೆದಿದ್ದರೆ ಕಾದಾದರೂ ಸರಿ, ಕಂಪನಿಯದನ್ನೇ ತರಿಸಿ.

ಸ್ಮಾರ್ಟ್‌ವಾಚು

ಮಕ್ಕಳ ಕೈಯಲ್ಲೂ ಈಗ ಇವೇ. ಆಪಲ್ ವಾಚಿನ ಅಲ್ಯೂಮಿನಿಯಂ ಮಾದರಿಗಳ ಮುಖ ಅಯಾನ್-ಎಕ್ಸ್ ಎಂಬ ಗಟ್ಟಿಗೊಳಿಸಿದ ಗಾಜು, ಸ್ಟೀಲು, ಟೈಟಾನಿಯಂ ಮಾದರಿಗಳದು ಸಫೈರ್. ಮೇಲೆ ಬೆರಳಿನ ಜಿಡ್ಡು ಅಂಟದಂತೆ ಇನ್ನೊಂದು ತೆಳು ಲೇಪನವಿದೆ. ಅದು ಬಳಸುತ್ತ ಬಳಸುತ್ತ ಸವೆಯುವಂಥದ್ದೇ. ಯಾವ ಪೇಸ್ಟಿನಿಂದ ಉಜ್ಜಿದರೂ ಮೊದಲು ಹೋಗುವುದು ಅದು, ಗೀರಲ್ಲ. ಗಾಜು ಡಿಸ್‌ಪ್ಲೇಗೆ ಅಂಟಿಕೊಂಡಿರುವುದರಿಂದ ಬರೀ ಗಾಜು ಬದಲಿಸುವುದೂ ಸುಲಭವಲ್ಲ. ಹಾಗಾಗಿ ತೆಳು ಫಿಲ್ಮು ಹಾಕಿಸಿಬಿಡಿ. ಅದಕ್ಕೆ ಗೀರು ಬಿದ್ದರೆ ಕಿತ್ತು ಹೊಸದು ಹಾಕಬಹುದು.

ಒರೆಸುವ ರೀತಿ, ಮಂಜು ಕವಿದಾಗ

ಶಮಾಲ್ ಎದ್ದ ದಿನ ವಾಚಿನ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸುವುದು ಉಪ್ಪುಕಾಗದದಿಂದ ಉಜ್ಜಿದ್ದಕ್ಕೆ ಸಮ. ಟಿಶ್ಯೂ ಕೂಡ ಬೇಡ. ಮೊದಲು ಊದಿ. ನೀರು ತಡೆಯುವ ವಾಚಾದರೆ ಕ್ರೌನ್ ಒತ್ತಿರುವುದನ್ನು ಖಚಿತ ಮಾಡಿಕೊಂಡು ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ ಮೆತ್ತನೆ ಬ್ರಷ್‌ನಿಂದ ತೊಳೆಯಿರಿ, ಆಮೇಲೆ ಮೈಕ್ರೊಫೈಬರ್ ಬಟ್ಟೆಯಿಂದ ಒತ್ತಿ ನೀರು ಹೀರಿಸಿ. ಹಳೆಯ ಎಚ್‌ಎಂಟಿಗೆ ಊದುವುದು, ಹಸಿಬಟ್ಟೆ ಅಷ್ಟೇ.

ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ ಎಸಿ ಕೋಣೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕದಂತೆಯೇ ವಾಚಿನ ಗ್ಲಾಸೂ ಮಂಜಾಗುತ್ತದೆ. ಬೆರಳಿಟ್ಟು ಒರೆಸಿದರೆ ಹೋಗುತ್ತದೆಯೆಂದರೆ ಹೊರಗಿನ ತೇವ, ಚಿಂತೆಯಿಲ್ಲ. ಒರೆಸಿದರೂ ಹೋಗದಿದ್ದರೆ ತೇವ ಒಳಗಿದೆ. ಗ್ಲಾಸಿನ ಕೆಳಗಿನ ಅಥವಾ ಮುಚ್ಚಳದ ರಬ್ಬರ್ ಸೀಲು ಸೋರುತ್ತಿದೆ ಎಂದರ್ಥ. ಇದನ್ನು ನಾಳೆಗೆ ಮುಂದೂಡಬೇಡಿ. ಗೀರಿಗಿಂತ ನೂರು ಪಾಲು ಹೆಚ್ಚು ಹಾನಿ ಮಾಡುವುದು ಒಳಗೆ ಸೇರಿದ ತೇವವೇ, ಯಂತ್ರಕ್ಕೆ ತುಕ್ಕು ಹಿಡಿಯುವುದು ಅಲ್ಲಿಂದ.

ಗ್ಲಾಸು ಹಾಕಿಸುವಾಗ

ಮುಐದರ್‌ನವರಿಗೆ ಅಲ್ ಅಜೀಜಿಯಾ ಸ್ಟೇಷನ್ನಿನಿಂದ ಗೋಲ್ಡ್ ಲೈನ್ ಮೆಟ್ರೊ ಹತ್ತಿದರೆ ಗಾಡಿ ಬದಲಿಸದೆ ಸೂಕ್ ವಾಖಿಫ್ ಸಿಗುತ್ತದೆ, ಹಳೆಯ ಪೇಟೆಯ ವಾಚ್ ಅಂಗಡಿಗಳಿರುವುದು ಆ ಸುತ್ತಮುತ್ತ. ಎಚ್‌ಎಂಟಿ, ಸೀಕೊ, ಟೈಟನ್‌ಗೆ ಅಂಥ ಅಂಗಡಿ ಸಾಕು. ದುಬಾರಿ ವಾಚಿಗೆ ಕಂಪನಿಯ ಸರ್ವಿಸ್ ಸೆಂಟರೇ ಬೇಕು. ಯಾವ ಕಡೆ ಹೋದರೂ ಕೊಡುವ ಮುಂಚೆ ಕೇಳಿ: ಹಾಕುವ ಗ್ಲಾಸು ಅಕ್ರಿಲಿಕ್ಕೋ ಮಿನರಲ್ಲೋ ಸಫೈರೋ, ಲೇಪನ ಇದೆಯೇ, ಇದ್ದರೆ ಯಾವ ಬದಿಗೆ, ಹೊಸ ಗ್ಯಾಸ್ಕೆಟ್ (ರಬ್ಬರ್ ಸೀಲು) ಹಾಕುತ್ತಾರೆಯೇ, ಪ್ರೆಶರ್ ಟೆಸ್ಟ್ ಮಾಡಿ ಕೊಡುತ್ತಾರೆಯೇ. ಕೊನೆಯದಕ್ಕೆ ಯಂತ್ರವಿಲ್ಲ ಎಂದರೆ ಆ ವಾಚನ್ನು ಕಟ್ಟಿಕೊಂಡು ಸೀಲೈನ್ ಕಡಲತೀರದಲ್ಲಿ ಈಜಬೇಡಿ. ಗ್ಲಾಸನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಅಳೆದು ಪ್ರೆಸ್‌ನಿಂದ ಕೂರಿಸಬೇಕು. ಗ್ಯಾಸ್ಕೆಟ್ ಇರಬೇಕಾದ ವಾಚಿಗೆ ಸಡಿಲವಾದ ಗ್ಲಾಸನ್ನು ಗೋಂದು ಹಚ್ಚಿ ಕೂರಿಸುವವರ ಬಳಿ ಬಿಡಬೇಡಿ. ತೆಗೆದ ಹಳೆಯ ಗ್ಲಾಸನ್ನು ಕೇಳಿ ಪಡೆದುಕೊಳ್ಳಿ. ರಜೆಗೆ ಊರಿಗೆ ಹೋಗುವ ಮುನ್ನ ಸರಿಮಾಡಿಸುವುದಿದ್ದರೆ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ, ಕಂಪನಿಯ ಗ್ಲಾಸು ಹೊರದೇಶದಿಂದ ಬರಬೇಕಾದರೆ ವಾರಗಳು ಹಿಡಿಯುತ್ತವೆ.

ಸಫೈರ್ ಗೀರಿಗೆ ಹೆದರುವುದಿಲ್ಲ, ಪೆಟ್ಟಿಗೆ ಹೆದರುತ್ತದೆ. ಟೈಲ್ಸ್ ಮೇಲೆ ಬಿದ್ದು ಗ್ಲಾಸು ಸಿಡಿದರೆ ಅದರ ಪುಡಿಯೂ ಅಷ್ಟೇ ಗಡಸು, ಮುಳ್ಳುಗಳ ಕೆಳಗೆ ಸೇರಿದರೆ ಡಯಲನ್ನು ಗೀರುತ್ತದೆ, ಚಕ್ರಗಳ ನಡುವೆ ಇಳಿದರೆ ಯಂತ್ರವನ್ನೇ ತಿನ್ನುತ್ತದೆ. ಆಗ ವಾಚನ್ನು ಅಲ್ಲಾಡಿಸಬೇಡಿ, ಊದಬೇಡಿ, ಕೀ ಕೊಡಬೇಡಿ. ಕ್ರೌನ್ ಹೊರಗೆ ಎಳೆದರೆ ನಿಲ್ಲುವ ವಾಚಾದರೆ ಎಳೆದು ನಿಲ್ಲಿಸಿ. ಒಡೆದ ಗ್ಲಾಸು ಚೌಕಟ್ಟಿನಲ್ಲೇ ಉಳಿದಿದ್ದರೆ ಅದರ ಮೇಲೆ ಅಗಲವಾದ ಸೆಲೊಟೇಪು ಅಂಟಿಸಿ ಚೂರುಗಳು ಕದಲದಂತೆ ಹಿಡಿಯಿರಿ. ಡಯಲ್ ಕೆಳಮುಖವಾಗಿ ಇರುವಂತೆ ಸಣ್ಣ ಡಬ್ಬಿಯಲ್ಲಿಟ್ಟು, ಅದೇ ಸ್ಥಿತಿಯಲ್ಲಿ ರಿಪೇರಿಯವರ ಕೈಗೆ ಕೊಡಿ. ಗ್ಲಾಸು ಹಾಕುವುದಷ್ಟೇ ಅಲ್ಲ, ಯಂತ್ರ ಬಿಚ್ಚಿ ಒಳಗೆ ಚೂರು ಇಲ್ಲವೆಂದು ನೋಡಿಯೇ ಮುಚ್ಚಿ ಎಂದು ಬಾಯಿಬಿಟ್ಟು ಹೇಳಿ.